ಸಂಪು ಸೇರಿಸಿದ ಮೇಲೆ ಲೆಕ್ಕ ಕೂಡಿತು

ಮೈಸೂರಿನ ನಮ್ಮ ಬಡಾವಣೆಗೆ ದಿನ ಬಿಟ್ಟು ದಿನ ನೀರು. ಅದೂ ಎರಡೂವರೆ ಗಂಟೆ ಅಷ್ಟೇ. ಆ ಪೈಪ್‌ಲೈನನ್ನು ಇಪಾನೆಟ್‌ನಲ್ಲಿ, ಅಂದರೆ ಪೈಪುಗಳಲ್ಲಿ ನೀರು ಹರಿಯುವುದನ್ನು ಲೆಕ್ಕ ಹಾಕುವ ಸಾಫ್ಟ್‌ವೇರ್‌ನಲ್ಲಿ, ಕೂರಿಸಲು ಹೋದೆ. ಪೈಪಿನ ಅಳತೆ, ರಸ್ತೆಯ ಏರಿಳಿತ, ಮನೆಗಿಷ್ಟು ಲೀಟರ್ ಅಂತ ಬೇಡಿಕೆ, ಎಲ್ಲ ಹಾಕಿ ಓಡಿಸಿದರೆ ಕೊನೆಯ ಕ್ರಾಸಿಗೂ ಭರ್ತಿ ನೀರು! ಅಲ್ಲಿನವರು ಟ್ಯಾಂಕರ್ ತರಿಸಿಕೊಳ್ಳುವುದನ್ನು ನಾನೇ ನೋಡಿದ್ದೇನೆ.

ತಪ್ಪು ನನ್ನದೇ. ಒತ್ತಡ ಮೈನಸ್‌ಗೆ ಹೋದರೂ ಇಪಾನೆಟ್‌ನ ಮಾಮೂಲಿ ಲೆಕ್ಕ ಬೇಡಿಕೆ ಅಂತ ಬರೆದಷ್ಟು ನೀರು ಕೊಟ್ಟೇ ಬಿಡುತ್ತದೆ. ನಾನು ಒತ್ತಡದ ಕಾಲಮ್ ನೋಡಿಯೇ ಇರಲಿಲ್ಲ. 2020ರಲ್ಲಿ ಬಂದ 2.2 ಆವೃತ್ತಿಯಲ್ಲಿ ಒತ್ತಡ ಇಳಿದರೆ ನೀರೂ ಇಳಿಯುವ ಆಯ್ಕೆ ಇದೆ. ಅದನ್ನೂ ಹಾಕಿದೆ. ವಾಸಿ, ಆದರೆ ಮೊದಲ ರಸ್ತೆಯ ಮನೆಗಳು ಬರೆದಷ್ಟು ಹಿಡಿದು ಸುಮ್ಮನಾಗುತ್ತಿದ್ದವು. ನಿಜವಾಗಿ ಯಾರು ಹಾಗೆ ಮಾಡ್ತಾರೆ?

ಇದನ್ನು ಬಿಡಿಸಿ ಹೇಳಿದ್ದು ವಾಲ್ವ್ ತಿರುಗಿಸುವ ಅಣ್ಣ: "ಸಾರ್, ಮೊದಲನೇ ರಸ್ತೆ ಸಂಪು ತುಂಬೋವರೆಗೂ ಮೇಲಿನ ಕ್ರಾಸಿಗೆ ಏರಲ್ಲ."

ಬೇಡಿಕೆಯನ್ನು ಪೂರ್ತಿ ಅಳಿಸಿದೆ. ಅದರ ಜಾಗದಲ್ಲಿ ಸಂಪಿನಷ್ಟು ದೊಡ್ಡ ಟ್ಯಾಂಕ್, ಅದಕ್ಕೊಂದು ಗಿಡ್ಡ ಪೈಪ್, ನೀರು ಹಿಂದಕ್ಕೆ ಬರದಂತೆ ಚೆಕ್ ವಾಲ್ವ್. ಟ್ಯಾಂಕ್ ತುಂಬಿದರೆ ಇಪಾನೆಟ್ ತಾನೇ ಒಳಹರಿವು ನಿಲ್ಲಿಸುತ್ತದೆ, ನಮ್ಮ ಫ್ಲೋಟ್ ವಾಲ್ವ್ ಥರ. ಮನೆಮನೆಗೂ ಹಾಕಿದರೆ ಕೈ ಸೋಲುತ್ತದೆ, ಅದಕ್ಕೆ 20 ಮನೆಗೆ ಒಂದೇ ಟ್ಯಾಂಕ್. ಪೈಪನ್ನು 15 ಮಿಮೀ ಇಂಟು 20 ಅಂತ 300 ಮಾಡಬೇಡಿ! ಪೈಪಿನ ಹರಿವು ಲೆಕ್ಕ ಹಾಕುವ ಹೇಜನ್-ವಿಲಿಯಮ್ಸ್ ಸೂತ್ರದಲ್ಲಿ ಹರಿವು ವ್ಯಾಸದ 2.63ನೇ ಘಾತಕ್ಕೆ ಏರುತ್ತದೆ. ಇಪ್ಪತ್ತು ಅರ್ಧ ಇಂಚಿನ ಪೈಪಿಗೆ ಸಮನಾಗಿ 47 ಮಿಮೀ ಸಾಕು.

ಇನ್ನೊಂದು ತೊಡಕು ಗಾಳಿ. ವಾಲ್ವ್ ಬಿಟ್ಟಾಗ ನಲ್ಲಿ ಮೊದಲು ಬುಸ್ ಅನ್ನುತ್ತದಲ್ವಾ, ಆ ಖಾಲಿ ಪೈಪು ಇಪಾನೆಟ್‌ಗೆ ಗೊತ್ತೇ ಇಲ್ಲ. ಪೈಪು ಸದಾ ತುಂಬಿದೆ ಅಂದುಕೊಳ್ಳುತ್ತದೆ. ಪ್ರತಿ ಕ್ರಾಸಿನಲ್ಲೂ ಬುಸ್ ನಿಂತ ಹೊತ್ತು ಬರೆದುಕೊಂಡು, ಟ್ಯಾಂಕಿನ ಪೈಪಿನ ಹಿಂದೆ ಚೆಕ್ ವಾಲ್ವ್ ಇಲ್ಲದ ಇನ್ನೊಂದು ತುಂಡು ಪೈಪ್ ಜೋಡಿಸಿ, ಅದು ಆಗಲೇ ತೆರೆಯುವಂತೆ ಮಾಡಿದೆ. ಒರಟು ಉಪಾಯ, ಆದರೆ ಕೆಲಸ ಆಯಿತು.

ತಾಳೆ ನೋಡಲು ಕೊನೆಯ ಕ್ರಾಸಿನ ನಲ್ಲಿಗೆ ಗೇಜ್ ಸಿಕ್ಕಿಸಿ ಕೂತೆ. ಮುಳ್ಳು ನಿಧಾನಕ್ಕೆ ನಾಲ್ಕು ಮೀಟರ್‌ವರೆಗೆ, ಅಂದರೆ ನೀರು ಅಷ್ಟು ಎತ್ತರಕ್ಕೆ ಏರುವಷ್ಟು ಒತ್ತಡಕ್ಕೆ, ಎದ್ದಿತು. ಪಕ್ಕದ ಕಾಂಪೌಂಡಿನಲ್ಲಿ ಮೋಟಾರ್ ಸದ್ದು ಶುರುವಾಯಿತು, ಮುಳ್ಳು ಸೊನ್ನೆಗೆ ಬಿತ್ತು. ಈಗ ಮಾಡೆಲ್‌ನಲ್ಲೂ ಆ ಮನೆಗೆ ಒಂದು ಪಂಪ್ ಇದೆ.