ಉಡುಪಿಯಲ್ಲಿ ಬಾಡಿಗೆ ಮನೆ ಬೇಕಾ? ಆಟಿಯ ಮಳೆಗೇ ಹೊರಡಿ

ಮಲ್ಪೆಯಲ್ಲಿ ಕಡಲಿಗೆ ಹತ್ತಿರದ ಮನೆಗಳು ಒಂದೊಂದೇ ಹೋಮ್‌ಸ್ಟೇ ಆಗ್ತಾ ಉಂಟು. ನಾವು ತಿಂಗಳಿಡೀ ಕೊಡುವುದನ್ನು ಪ್ರವಾಸಿಗರು ಕೆಲವೇ ವಾರಾಂತ್ಯಗಳಲ್ಲಿ ಕೊಟ್ಟು ಹೋಗುವಾಗ ಧಣಿಗಳನ್ನು ಬೈದು ಪ್ರಯೋಜನ ಇಲ್ಲ. ಮಣಿಪಾಲದ ಕಡೆ ಹೋದರೆ ವಿದ್ಯಾರ್ಥಿಗಳು. ನಾಲ್ಕು ಜನ ಹಂಚಿಕೊಂಡು ಕೊಡುವ ಬಾಡಿಗೆಯನ್ನು ಒಂದೇ ಸಂಬಳದ ಸಂಸಾರ ಎಲ್ಲಿಂದ ತರುವುದು ಮಾರಾಯ್ರೇ? ಜವಳಿ ಅಂಗಡಿಯ ಸಂಬಳದಲ್ಲಿ ಬದುಕುವ ನಾನು ಮನೆ ಹುಡುಕುವ ಕ್ರಮ ಹೇಳ್ತೇನೆ.

ತುಳುವರ ಆಟಿ ತಿಂಗಳಲ್ಲಿ ಹುಡುಕಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಆಗ ನಮ್ಮವರು ಹೊಸ ಮನೆಗೆ ಹೋಗುವುದಿಲ್ಲ, ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟು ಇಲ್ಲ, ಪ್ರವಾಸಿಗರೂ ಕಮ್ಮಿ. ಧಣಿ ಮಾತಿಗೆ ಬಗ್ಗುವುದು ಆಗಲೇ. ಸಣ್ಣ ಅಡ್ವಾನ್ಸ್ ಕೊಟ್ಟಿಟ್ಟು ಮುಂದಿನ ಸೋಣ ತಿಂಗಳಲ್ಲಿ ಹಾಲು ಉಕ್ಕಿಸಿ.

ಮನೆಯ ತೇವ ಗೊತ್ತಾಗುವುದೂ ಈ ಮಳೆಯಲ್ಲೇ. ಪಡುವಣ ಗೋಡೆಗೆ ಅಂಗೈ ಇಟ್ಟು ನೋಡಿ, ಕಪಾಟಿನೊಳಗೆ ಮೂಗು ಹಾಕಿ. ಹಂಚಿನ ಮನೆಯಾದರೆ ಎಲ್ಲೆಲ್ಲಿ ಬಕೆಟ್ ಇಟ್ಟಿದ್ದಾರೆ ಎಂದು ಗೊತ್ತಾಗುತ್ತದೆ. ಬಾವಿಯ ವಿಷಯದಲ್ಲಿ ಮಾತ್ರ ಮಳೆಗಾಲವನ್ನು ನಂಬಬೇಡಿ. ಏಪ್ರಿಲ್, ಮೇಯಲ್ಲಿ ನೀರು ಉಪ್ಪಾಗುತ್ತದಾ ಎಂದು ಕೇಳಬೇಕಾದದ್ದು ನೆರೆಮನೆಯ ಅಕ್ಕನನ್ನು, ಧಣಿಯನ್ನಲ್ಲ. ನಗರಸಭೆಯ ನಳ್ಳಿ ಉಂಟು ಅಂದರೂ ಬಿಡಬೇಡಿ. ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ ಬರುತ್ತಿದ್ದ ನೀರದು. 2019ರ ಬೇಸಗೆಯಲ್ಲಿ ಅದೇ ತಳ ಕಂಡಿತ್ತು.

ಸಂತೆಕಟ್ಟೆ, ಪರ್ಕಳ, ಉದ್ಯಾವರ, ಕಟಪಾಡಿ ಕಡೆಗೆ ಬಸ್ಸಿನ ತೊಂದರೆ ಇಲ್ಲ. ಅಲ್ಲಿ ಬೀಗ ಹಾಕಿದ ಮನೆಗಳನ್ನು ಗಮನಿಸಿ. ಧಣಿಗಳು ಮುಂಬಯಿಯಲ್ಲೋ ಗಲ್ಫಿನಲ್ಲೋ ಇರ್ತಾರೆ, ಕೀ ಪಕ್ಕದ ಮನೆಯಲ್ಲಿರುತ್ತದೆ. ಬ್ರೋಕರ್‌ಗಿಂತ ಮೊದಲು ಗೂಡಂಗಡಿಯಲ್ಲಿ ಕೇಳಿ. ಇಂಥವರಿಗೆ ಹೆಚ್ಚು ಬಾಡಿಗೆಗಿಂತ ಮನೆಯಲ್ಲಿ ಜನ ಇರುವುದು ಬೇಕು. ತುಳುವಿನಲ್ಲಿ ಮಾತಾಡಿದರಂತೂ ಅರ್ಧ ಕೆಲಸ ಆಯಿತು.

ಆದರೆ ಜಾಗದಲ್ಲಿ ನಾಗಬನ, ದೈವದ ಗುಡಿ ಉಂಟಾ ಕೇಳಲೇಬೇಕು. ಇದ್ದರೆ ಸಂಕ್ರಮಣಕ್ಕೆ ದೀಪ ಇಡುವವರು ಯಾರು? ತಂಬಿಲದ ಪೂಜೆಗೆ ಕುಟುಂಬದವರು ಬಂದಾಗ ಎಷ್ಟು ಕೋಣೆ, ಎಷ್ಟು ದಿನ ಬಿಟ್ಟುಕೊಡಬೇಕು? ಬಾಯಿಮಾತು ಸಾಕಾಗುವುದಿಲ್ಲ, ಬರೆಸಿ. ಅಂಗಳದಲ್ಲಿ ಶಾಮಿಯಾನ ಬಿದ್ದ ದಿನ ಜಗಳ ಆಡಿದರೆ ಇಡೀ ಊರು ಅವರ ಪರ. ಮೀನಿನ ಮಾತೂ ಆಗಲೇ ಮುಗಿಸಿ: “ನಾವು ಬಂಗುಡೆ ತಿನ್ನುವವರು” ಎಂದು ನೇರ ಹೇಳಿ. ಕೃಷ್ಣ ಮಠದ ರಥಬೀದಿಯ ಸುತ್ತಮುತ್ತ ಹಲವರು ಸಸ್ಯಾಹಾರಿಗಳಿಗೆ ಮಾತ್ರ ಕೊಡ್ತಾರೆ. ಕಿಟಕಿ ಮುಚ್ಚಿ ಸಾರು ಕುದಿಸುವ ಬದುಕು ನನಗಂತೂ ಬೇಡ.

ಕರಾರು ಹೆಚ್ಚಾಗಿ 11 ತಿಂಗಳಿಗೆ ಮಾಡ್ತಾರೆ, ವರ್ಷ ಮೀರಿದರೆ ನೋಂದಣಿ ಕಡ್ಡಾಯ ಅಂತ. ಮುಂದುವರಿಸುವಾಗ ಬಾಡಿಗೆ ಎಷ್ಟು ಏರುತ್ತದೆ ಎಂಬುದನ್ನೂ ಈಗಲೇ ಸೇರಿಸಿ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ, ಕೃಷ್ಣ ಮಠದ ಪೂಜೆಯ ಹೊಣೆ ಕೈ ಬದಲಾಗುವ ಉತ್ಸವ. ಮಠದ ಹತ್ತಿರದ ಮನೆಯಾದರೆ, ಆ ಹೊತ್ತಿಗೆ ಕೋಣೆ ಬಿಡಿ ಎಂದು ಕೇಳುವಂತಿಲ್ಲ ಎಂಬ ಒಂದು ಸಾಲು ಇರಲಿ.

ಕೊನೆಗೆ ಕರೆಂಟು. ಗೃಹಜ್ಯೋತಿ ಬಾಡಿಗೆದಾರರಿಗೂ ಉಂಟು. ಹಿಂದಿನವರ ಆಧಾರ್ ಆ ಮೀಟರಿಗೆ ಜೋಡಣೆಯಾಗಿಯೇ ಉಳಿದಿದ್ದರೆ ನಿಮ್ಮ ಅರ್ಜಿ ಹೋಗುವುದಿಲ್ಲ. ಅದನ್ನು ತೆಗೆಸಿದ ಮೇಲೆಯೇ ಪೂರ್ತಿ ಅಡ್ವಾನ್ಸ್ ಕೊಡಿ.