ಮನೆಯ ಕಾಫಿ ರೋಸ್ಟರ್‌ಗೆ ಆರ್ಡುಯಿನೊ ಜೋಡಿಸಿದ್ದು: ನನ್ನ ಅನುಭವ

ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಮನೆಯಲ್ಲಿ ಎಲ್ಲರಿಗೂ ಚಹಾ ಬೇಕು, ನನಗೊಬ್ಬನಿಗೆ ಕಾಫಿ. ಚಿಕ್ಕಮಗಳೂರಿನಿಂದ ಹಸಿ ಅರೇಬಿಕಾ ಬೀಜ ತರಿಸಿ, 1200 ವ್ಯಾಟ್‌ನ ಸಣ್ಣ ಬಿಸಿಗಾಳಿ ರೋಸ್ಟರಿನಲ್ಲಿ ಸಲಕ್ಕೆ 100 ಗ್ರಾಂನಂತೆ ಹುರಿಯುತ್ತಿದ್ದೆ. ಅದೇ ಚೀಲದ ಬೀಜ, ಅಷ್ಟೇ ತೂಕ, ಅಷ್ಟೇ ಹೊತ್ತು ಇಟ್ಟರೂ ಭಾನುವಾರ ಬೆಳಿಗ್ಗೆ ಹುರಿದದ್ದು ಚೆನ್ನಾಗಿ ಬರುತ್ತಿತ್ತು. ವಾರದ ನಡುವೆ ಸಂಜೆ ಹುರಿದದ್ದು ಒಳಗೆ ಹಸಿಯಾಗಿಯೇ ಉಳಿದು ಹುಲ್ಲಿನ ವಾಸನೆ ಕೊಡುತ್ತಿತ್ತು. ಬಹಳ ದಿನ ಬೀಜದ ಮೇಲೆಯೇ ಸಂಶಯಪಟ್ಟೆ. ಒಂದು ಸಂಜೆ ಸಾಕೆಟ್ಟಿಗೆ ಮಲ್ಟಿಮೀಟರ್ ಹಿಡಿದಾಗ 205 ವೋಲ್ಟ್ ತೋರಿಸಿತು. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, 230 ಇರಬೇಕಾದ ಕಡೆ 205 ಬಂದರೆ ಐದರಲ್ಲಿ ಒಂದು ಪಾಲು ಶಾಖವೇ ಖೋತಾ. ಗಡಿಯಾರ ನೋಡಿ ಹುರಿಯುವುದನ್ನು ಬಿಟ್ಟು ಬೀಜದ ಉಷ್ಣಾಂಶ ನೋಡಿ ಹುರಿಯಬೇಕೆಂದು ಅಂದೇ ನಿರ್ಧರಿಸಿದೆ. ಅದಕ್ಕಾಗಿ ಆರ್ಡುಯಿನೊ ಎಂಬ, ನಾವೇ ಪ್ರೋಗ್ರಾಂ ಬರೆದು ನಡೆಸಬಹುದಾದ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡನ್ನು ರೋಸ್ಟರಿಗೆ ಜೋಡಿಸಲು ಹೊರಟೆ.

ಯಂತ್ರ ಬಿಚ್ಚಿದಾಗ ಮೊದಲ ತೊಡಕು ಕಂಡಿತು. ಫ್ಯಾನಿನ ಡಿಸಿ ಮೋಟರಿಗೆ ವಿದ್ಯುತ್ತು ಹೀಟರಿನ ಒಂದು ಸುರುಳಿಯ ಮೂಲಕವೇ ಇಳಿದು ಬರುತ್ತಿತ್ತು. ಹಾಗಿರುವಾಗ ಶಾಖ ತಗ್ಗಿಸಿದರೆ ಗಾಳಿಯೂ ತಗ್ಗುತ್ತದೆ, ಬೀಜ ತಿರುಗದೆ ತಳದಲ್ಲಿ ಕರಿದಾಗುತ್ತದೆ. ಮೋಟರನ್ನು ಬೇರ್ಪಡಿಸಿ ಅದಕ್ಕೆ 24 ವೋಲ್ಟಿನ ಪ್ರತ್ಯೇಕ ಪವರ್ ಸಪ್ಲೈ ಕೊಟ್ಟೆ. ಹೀಟರಿಗೆ ಸಾಲಿಡ್ ಸ್ಟೇಟ್ ರಿಲೇ, ಅಂದರೆ ಬೋರ್ಡಿನ ಸಂಕೇತಕ್ಕೆ ವಿದ್ಯುತ್ತನ್ನು ಬಿಡುವ, ತಡೆಯುವ ಎಲೆಕ್ಟ್ರಾನಿಕ್ ಸ್ವಿಚ್ಚು ಹಾಕಿದೆ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಸೆಕೆಂಡಿಗೆ 100 ಅರ್ಧ ಆವರ್ತಗಳು ಸಿಗುತ್ತವೆ. ಅವುಗಳಲ್ಲಿ 70ನ್ನು ಹಾಯಲು ಬಿಟ್ಟು 30ನ್ನು ತಡೆದರೆ ಹೀಟರಿಗೆ ನೂರಕ್ಕೆ ಎಪ್ಪತ್ತರಷ್ಟು ಶಕ್ತಿ ಹೋದಂತಾಯಿತು. ಈ ರಿಲೇ ಕೆಟ್ಟಾಗ ಸಾಮಾನ್ಯವಾಗಿ ಬಂದ್ ಆಗುವುದಿಲ್ಲ, ಚಾಲೂ ಸ್ಥಿತಿಯಲ್ಲಿಯೇ ಅಂಟಿಕೊಳ್ಳುತ್ತದೆ. ಆದ್ದರಿಂದ ಶಾಖ ಮಿತಿಮೀರಿದರೆ ವಿದ್ಯುತ್ತನ್ನು ಕಡಿಯುವ, ಯಂತ್ರದಲ್ಲಿದ್ದ ಥರ್ಮಲ್ ಫ್ಯೂಸನ್ನು ತೆಗೆಯಲಿಲ್ಲ. ಯಾರೂ ತೆಗೆಯಕೂಡದು ಎಂಬುದು ನನ್ನ ಖಚಿತ ಅಭಿಪ್ರಾಯ.

ನನ್ನನ್ನು ಹೆಚ್ಚು ದಿನ ಕಾಡಿದ್ದು ಉಷ್ಣಾಂಶ ಅಳೆಯುವ ಕೆಲಸ. ಕೆ ಮಾದರಿಯ ಥರ್ಮೋಕಪಲ್‌ಗೆ (ಎರಡು ಲೋಹದ ತಂತಿಗಳು ಸೇರುವ ತುದಿಯಲ್ಲಿ ಉಷ್ಣಾಂಶ ಅಳೆಯುವ ಕಡ್ಡಿ), ಅದರ ಸಂಕೇತವನ್ನು ಅಂಕಿಯಾಗಿಸಿ ಬೋರ್ಡಿಗೆ ಕೊಡುವ ಮ್ಯಾಕ್ಸ್31855 ಚಿಪ್ ಜೋಡಿಸಿದ್ದೆ. ಮೇಜಿನ ಮೇಲೆ ಸರಿಯಾಗಿ ಓದುತ್ತಿದ್ದ ಅದು ರೋಸ್ಟರಿಗೆ ಸೇರಿಸಿದ ಕೂಡಲೇ ದೋಷ ತೋರಿಸಿ ನಿಂತುಬಿಡುತ್ತಿತ್ತು. ಥರ್ಮೋಕಪಲ್‌ನ ತುದಿ ತನ್ನ ಉಕ್ಕಿನ ಕವಚಕ್ಕೆ ಒಳಗೇ ಬೆಸೆದುಕೊಂಡಿತ್ತು, ಕವಚ ಅರ್ಥ್ ಆಗಿರುವ ಯಂತ್ರದ ಮೈಗೆ ತಾಗುತ್ತಿತ್ತು. ಅಂಥ ಸಂಪರ್ಕವನ್ನು ಈ ಚಿಪ್ ದೋಷವೆಂದೇ ಎಣಿಸುತ್ತದೆ. ತುದಿಗೂ ಕವಚಕ್ಕೂ ಸಂಪರ್ಕವಿಲ್ಲದ, 1.5 ಮಿಲಿಮೀಟರ್ ದಪ್ಪದ ಇನ್ನೊಂದನ್ನು ತಂದ ಮೇಲೆ ಆ ಕಾಟ ತಪ್ಪಿತು. ಆದರೂ ಅಂಕಿಗಳು ನಂಬುವಂತಿರಲಿಲ್ಲ. ಹುರಿಯುವಾಗ ಬೀಜ ಮೊದಲ ಬಾರಿಗೆ ಚಟಚಟ ಒಡೆಯುವ ಮೊದಲ ಸಿಡಿತ ಸುಮಾರು 196 ಡಿಗ್ರಿಯ ಆಸುಪಾಸಿನಲ್ಲಿ ಆಗಬೇಕು, ನನ್ನಲ್ಲಿ 228 ಇದ್ದಾಗ ಕೇಳಿಸುತ್ತಿತ್ತು. ತುದಿ ಬೀಜಗಳ ಮೇಲೆ ನಿಂತು ಬರಿಯ ಬಿಸಿಗಾಳಿಯನ್ನು ಅಳೆಯುತ್ತಿತ್ತು. ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ರೋಸ್ಟರಿನ ಹುರಿಯುವ ಕೋಣೆಯ ಗೋಡೆಗೆ ತಳದಿಂದ ಎರಡು ಸೆಂಟಿಮೀಟರ್ ಎತ್ತರದಲ್ಲಿ ತೂತು ಹಾಕಿಸಿ, ಬೀಜಗಳು ಸುತ್ತುವ ರಾಶಿಯೊಳಗೇ ತುದಿ ಮುಳುಗಿರುವಂತೆ ಕೂಡಿಸಿದೆ. ಅಂದು ಸಿಡಿತ 201ಕ್ಕೆ ಕೇಳಿಸಿತು. ಮರುದಿನ ಸಂಜೆಯೂ ಅಲ್ಲಿಯೇ ಕೇಳಿಸಿದಾಗ ನನಗಾದ ಸಂತೋಷ ಹೇಳತೀರದು.

ಕಂಪ್ಯೂಟರಿನಲ್ಲಿ ಆರ್ಟಿಸನ್ ಎಂಬ ಮುಕ್ತ ತಂತ್ರಾಂಶವಿದೆ. ಅದು ಪ್ರತಿ ಸೆಕೆಂಡಿಗೆ ಉಷ್ಣಾಂಶ ಕೇಳಿ ಗೆರೆ ಎಳೆಯುತ್ತದೆ, ಶಾಖದ ಪ್ರಮಾಣವನ್ನು ಬೋರ್ಡಿಗೆ ತಿಳಿಸುತ್ತದೆ. ಹುರಿಯುವವನಿಗೆ ಬೇಕಾದದ್ದು ಉಷ್ಣಾಂಶಕ್ಕಿಂತ ಅದು ಏರುವ ವೇಗ. ಆ ವೇಗದ ಗೆರೆ ಮೊದಮೊದಲು ಗರಗಸದ ಹಲ್ಲಿನಂತೆ ಬರುತ್ತಿತ್ತು. ಚಿಪ್ ಕಾಲು ಡಿಗ್ರಿಯ ಹೆಜ್ಜೆಯಲ್ಲಿ ಓದುತ್ತದೆ. ಒಂದು ಸೆಕೆಂಡಿನ ವ್ಯತ್ಯಾಸದಿಂದ ವೇಗ ಲೆಕ್ಕ ಹಾಕಿದರೆ ಒಂದೊಂದು ಹೆಜ್ಜೆಯೂ ನಿಮಿಷಕ್ಕೆ 15 ಡಿಗ್ರಿಯ ಜಿಗಿತವಾಗಿ ಕಾಣುತ್ತದೆ. 15 ಸೆಕೆಂಡಿನ ಅಂತರದಲ್ಲಿ ಲೆಕ್ಕ ಹಾಕತೊಡಗಿದ ಮೇಲೆ ಜಿಗಿತ ಒಂದು ಡಿಗ್ರಿಗೆ ಇಳಿದು, ಗುರಿಗೂ ಅಳತೆಗೂ ಇರುವ ಅಂತರ ನೋಡಿ ಶಾಖವನ್ನು ತಾನೇ ಹೆಚ್ಚುಕಡಿಮೆ ಮಾಡುವ ಪಿಐಡಿ ನಿಯಂತ್ರಣ ನೆಟ್ಟಗಾಯಿತು.

ಕರೆಂಟ್ ಹೋದರೆ ಹೀಟರ್ ಆರುವುದು ಸರಿಯೇ, ಆದರೆ ಗಾಳಿ ನಿಂತರೆ 200 ಡಿಗ್ರಿಯ ಬೀಜ ತನ್ನ ಶಾಖದಲ್ಲಿಯೇ ಬೇಯುತ್ತ ಹೋಗುತ್ತದೆ. ಒಂದು ಸಲ ಹಾಗೆ 100 ಗ್ರಾಂ ಹಾಳಾದ ಮೇಲೆ ಫ್ಯಾನಿನ ಸಪ್ಲೈಯನ್ನು ಮನೆಯ ಇನ್ವರ್ಟರಿಗೆ ಬದಲಾಯಿಸಿದೆ.

ಸಿಡಿತವನ್ನು ಗುರುತಿಸುವ ಕೆಲಸವನ್ನು ಮಾತ್ರ ಬೋರ್ಡಿಗೆ ಒಪ್ಪಿಸಿಲ್ಲ, ಫ್ಯಾನಿನ ಸದ್ದಿನಲ್ಲಿ ಮೈಕ್ ಸೋಲುತ್ತದೆ. ಅದಕ್ಕೊಂದು ಗುಂಡಿ ಇಟ್ಟಿದ್ದೇನೆ. ಹಿಂಡಿಗೆಂದು (ಚಟ್ನಿಪುಡಿ) ಶೇಂಗಾ ಹುರಿದು ಪಳಗಿದ ಅವ್ವ ಪಕ್ಕದಲ್ಲಿ ಕುಳಿತಿರುತ್ತಾಳೆ. "ವಾಸನಿ ಬದಲಾತು ನೋಡು, ಇನ್ನ ಸಿಡೀತದ" ಎಂದು ಮೊದಲೇ ಹೇಳಿ, ಚಟ್ ಎಂಬ ಮೊದಲ ಸದ್ದಿಗೇ ಗುಂಡಿ ಒತ್ತುತ್ತಾಳೆ.