ಪೋಡಿನ ಮಕ್ಕಳು, ಕಾಡಿನ ಬಣ್ಣ, ಅಕ್ಷರ: ನನ್ನ ಅನುಭವ

ಬಿಳಿಗಿರಿರಂಗನ ಬೆಟ್ಟದ ಕಡೆ ಸೋಲಿಗ ಆದಿವಾಸಿಗಳ ಒಂದು ಪೋಡಲ್ಲಿ, ಅಂದ್ರೆ ಅವರ ಹಾಡಿಯಲ್ಲಿ, ಮಕ್ಕಳು ಶಾಲೆಯಿಂದ ಬಂದ್ಮೇಲೆ ಸಂಜೆ, ಮತ್ತೆ ಭಾನುವಾರ, ಚಿತ್ರ ಹಾಡು ಓದು ಎಲ್ಲಾ ಸೇರ್ಸಿ ಪಾಠ ಮಾಡ್ತೀನಿ. ಹೇಗೆ ಮಾಡ್ತೀರಾ, ಏನೇನು ಬೇಕಾಗುತ್ತೆ ಅಂತ ತುಂಬಾ ಜನ ಕೇಳ್ತಾ ಇರ್ತಾರೆ, ಅದಕ್ಕೆ ಒಂದ್ಸಲ ಕೂತು ಬರೆದುಬಿಡೋಣ ಅನ್ನಿಸ್ತು.

ಮೊದಲು ಒಂದು ಮಾತು ಹೇಳ್ಬೇಕು. ಆದಿವಾಸಿ ಮಕ್ಕಳಿಗೆ ಕಲೆ ಕಲಿಸ್ತೀವಿ ಅಂತ ಹೊರಗಿಂದ ಬರೋರು ಹೆಚ್ಚಿನವ್ರು ವರ್ಲಿ ಚಿತ್ರ ಹೇಳ್ಕೊಟ್ಟು ಹೋಗ್ತಾರೆ. ವರ್ಲಿ ಚೆನ್ನಾಗಿದೆ, ಆದ್ರೆ ಅದು ಮಹಾರಾಷ್ಟ್ರದ ಕಡೆಯ ವಾರ್ಲಿ ಜನರದ್ದು, ಸೋಲಿಗರದ್ದಲ್ಲ. ಸೋಲಿಗರ ಕಲೆ ಗೋಡೆ ಮೇಲೆ ಹುಡುಕಿದ್ರೆ ಸಿಗಲ್ಲ, ಅದು ಗೊರುಕನ ಹಾಡು ಕುಣಿತದಲ್ಲಿದೆ, ಬಿದಿರು ಸೀಳಿ ಬುಟ್ಟಿ ಹೆಣೆಯೋ ಕೈಯಲ್ಲಿದೆ, ರೊಟ್ಟಿ ಹಬ್ಬದಲ್ಲಿದೆ, ಯಾವ ಮರ ಯಾವಾಗ ಹೂ ಬಿಡುತ್ತೆ ಅಂತ ಹೇಳೋ ಅಜ್ಜಿಯ ಬಾಯಲ್ಲಿದೆ. ಹಾಗಾಗಿ ನಾನು ಮಾದರಿ ಚಿತ್ರ ಅಂತ ಏನೂ ಕೊಡಲ್ಲ. ಅಜ್ಜಿ ಹಾಡ್ತಾರೆ, ಮಕ್ಕಳು ಕೇಳ್ತಾರೆ, ಹಾಡಲ್ಲಿ ಬಂದ ಮರ ಹಕ್ಕಿ ಮೃಗ ಯಾವುದು ಬೇಕೋ ಅದನ್ನ ಬಿಡಿಸ್ತಾರೆ, ಅಷ್ಟೇ.

ಬಣ್ಣ ನಾವೇ ಮಾಡ್ಕೋತೀವಿ, ಇದು ಮಕ್ಕಳಿಗೆ ಅತಿ ಇಷ್ಟದ ಕೆಲಸ. ಕೆಮ್ಮಣ್ಣನ್ನ ಪುಡಿ ಮಾಡಿ ಬಟ್ಟೆಯಲ್ಲಿ ಸೋಸಿ ನೀರಲ್ಲಿ ಬಿಟ್ರೆ ಮರಳು ಕೆಳಗೆ ಕೂರುತ್ತೆ, ಮೇಲಿನ ಕೆಂಪು ನೀರನ್ನ ಬೇರೆ ಪಾತ್ರೆಗೆ ಬಗ್ಗಿಸಿ ಒಣಗಿಸಿದ್ರೆ ನುಣ್ಣಗಿನ ಬಣ್ಣ ಸಿಗುತ್ತೆ. ಕಪ್ಪಿಗೆ ಒಲೆಯ ಇದ್ದಿಲು. ಬೇಸಿಗೆ ಶುರುವಾಗೋ ಹೊತ್ತಿಗೆ ಮುತ್ತುಗದ ಹೂ ಉದುರಿರುತ್ತೆ, ಅದನ್ನ ಆಯ್ಕೊಂಡು ಬಂದು ಕುದಿಸಿದ್ರೆ ಕಿತ್ತಳೆ ಬಣ್ಣ. ಕಾಗದಕ್ಕೆ ಹಿಡಿಯೋಕೆ ಅಂಟು ಬೇಕಲ್ಲ, ದಿಂಡಿಗದ ಮರದ ಅಂಟನ್ನ ರಾತ್ರಿ ನೀರಲ್ಲಿ ನೆನೆಹಾಕಿ ಬೆಳಿಗ್ಗೆ ಕಲಸ್ತೀವಿ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದ ಕೂಡ್ಲೇ ಕೆಂಪಾಗುತ್ತೆ, ಅದಕ್ಕೇ ನಿಂಬೆರಸ ಹಿಂಡಿದ್ರೆ ಮತ್ತೆ ಹಳದಿ, ಮಕ್ಕಳು "ಅಕ್ಕಾ ಇನ್ನೊಂದ್ಸಲ, ಇನ್ನೊಂದ್ಸಲ" ಅಂತ ಬಿಡೋದೇ ಇಲ್ಲ. ಮುಂದೆ ಹೈಸ್ಕೂಲಲ್ಲಿ ಆಮ್ಲ ಪ್ರತ್ಯಾಮ್ಲ ಅಂತ ಪಾಠ ಬಂದಾಗ ಇವರಿಗೆ ಅದು ಹೊಸದಾಗಿರಲ್ಲ.

ಕಾಡಲ್ಲಿ ಹಬ್ಬಿರೋ ಲಾಂಟಾನ ಅನ್ನೋ ಕಳೆಯ ಕಡ್ಡಿಯಲ್ಲಿ ಆನೆ, ಕಾಟಿ (ಕಾಡುಕೋಣ), ಜಿಂಕೆ ಮಾಡೋದೂ ಇದೆ. ಕಡ್ಡಿಯನ್ನ ಚೆನ್ನಾಗಿ ಕುದಿಸಿದ್ರೆ ಸಿಪ್ಪೆ ಸಲೀಸಾಗಿ ಬರುತ್ತೆ, ಬಿಸಿ ಇರೋವಾಗ್ಲೇ ಬಗ್ಗಿಸ್ಬೇಕು, ಆರಿದ್ರೆ ಮುರಿಯುತ್ತೆ. ಇದನ್ನ ಮಾಡೋವಾಗ ಪೋಡಿನ ಹಿರಿಯರು ಒಬ್ಬರು ಪಕ್ಕದಲ್ಲಿ ಕೂತು ತರಗು ಬೆಂಕಿ ಕತೆ ಹೇಳ್ತಾರೆ, ಮೊದಲು ಬೇಸಿಗೆಗೆ ಮುಂಚೆ ತರಗೆಲೆಗೆ ಸಣ್ಣಗೆ ಬೆಂಕಿ ಹಾಕ್ತಾ ಇದ್ರು, 1974ರಲ್ಲಿ ಅಭಯಾರಣ್ಯ ಆಯ್ತು, ಆಮೇಲೆ ಅದು ನಿಂತೋಯ್ತು, ಲಾಂಟಾನ ಹಬ್ಬಿತು, ನೆಲ್ಲಿ ಮರದ ಮೇಲೆ ಉಪ್ಪಿಲು ಅನ್ನೋ ಬಂದಳಿಕೆ ಜಾಸ್ತಿ ಆಯ್ತು ಅಂತ. ಪರಿಸರ ಪಾಠ, ಇತಿಹಾಸ, ಕೈಕೆಲಸ ಮೂರೂ ಒಂದೇ ಕಡೆ ಸಿಗೋದು ಹೀಗೆ.

ಜೇನಿನ ಪಾಠದಲ್ಲಿ ಮಾತ್ರ ನಾನು ಶಿಷ್ಯೆ, ಮಕ್ಕಳೇ ಮೇಷ್ಟ್ರು. ಶಾಲೆಯಲ್ಲಿ ಹೆಸರು ಕೇಳಿದ್ರೂ ತಲೆ ತಗ್ಗಿಸೋ ಒಬ್ಬ ಹುಡುಗ ಇದಾನೆ, ಮೂರನೇ ಕ್ಲಾಸು, ಅವನು ಬೋರ್ಡ್ ಹತ್ರ ಬಂದು ನಾಲ್ಕೂ ಜೇನು ಬಿಡಿಸ್ದ. ಹೆಜ್ಜೇನು ಎತ್ತರದ ಮರದಲ್ಲೋ ಬಂಡೆಯಲ್ಲೋ ಒಂದೇ ದೊಡ್ಡ ಜೇನುತಟ್ಟಿ ಕಟ್ಟುತ್ತೆ, ತುಡುವೆ ಪೊಟರೆ ಒಳಗೆ ಸಾಲಾಗಿ ಹಲವಾರು, ಕೋಲುಜೇನು ಸಣ್ಣ ಕೊಂಬೆಗೆ ಅಂಗೈ ಅಗಲ, ನಸರು ಸಂದಿಯಲ್ಲಿರುತ್ತೆ, ಮುಳ್ಳು ಚುಚ್ಚಲ್ಲ. "ಎಲ್ಲಾ ಕೀಳ್ಬಾರ್ದು ಅಕ್ಕಾ, ಮರಿಗೆ ಬಿಡ್ಬೇಕು, ಇಲ್ಲಾಂದ್ರೆ ಬರಕಿಲ್ಲ" ಅಂದ. ಅವನು ಹೇಳಿದ್ದನ್ನೇ ಬೋರ್ಡ್ ಮೇಲೆ ಬರೆದೆ, ಅದನ್ನೇ ಅವನು ಓದಿದ, ತಾನೇ ಆಡಿದ ಮಾತಾದ್ರಿಂದ ತಡವರಿಸ್ಲೇ ಇಲ್ಲ. ಈ ಮಕ್ಕಳು ಹಿಂದೆ, ಇವರಿಗೆ ಹತ್ತಲ್ಲ ಅನ್ನೋರಿಗೆ ನಾನು ಹೇಳೋದು ಇಷ್ಟೇ, ಮಗುಗೆ ಗೊತ್ತಿರೋದನ್ನ ಕೇಳಿ ಶುರು ಮಾಡಿ, ಗೊತ್ತಿಲ್ಲದ್ದನ್ನ ಕೇಳಿ ಶುರು ಮಾಡ್ಬೇಡಿ.

ಓದಿಸೋಕೆ ಕಾರ್ಡುಗಳಿವೆ. ನಲಿಕಲಿ ಪದ್ಧತಿ ಶುರುವಾಗಿದ್ದೇ ಕಾಡಂಚಿನ ಎಚ್.ಡಿ.ಕೋಟೆ ತಾಲ್ಲೂಕಲ್ಲಿ, 1995ರಲ್ಲಿ, ಕಾರ್ಡು ಮೆಟ್ಟಿಲು ಅಂತ ಮಗು ತನ್ನ ವೇಗದಲ್ಲಿ ಕಲಿಯೋ ಕ್ರಮ ಅದು, ನನಗೆ ತುಂಬಾ ಇಷ್ಟ. ಅದೇ ದಾರಿಯಲ್ಲಿ ನಮ್ಮ ಪೋಡಿನ ಕಾರ್ಡು ಮಕ್ಕಳ ಕೈಯಲ್ಲೇ ಮಾಡಿಸ್ದೆ, ಕ ಅಂದ್ರೆ ಕಾಟಿ, ದ ಅಂದ್ರೆ ದಿಂಡಿಗ, ನ ಅಂದ್ರೆ ನೆಲ್ಲಿ, ಗ ಅಂದ್ರೆ ಗೆಣಸು. ಲೆಕ್ಕಕ್ಕೆ ನೆಲ್ಲಿಕಾಯಿ. ತಕ್ಕಡಿ ತಂದು ತೂಗಿ, ಲ್ಯಾಂಪ್ಸ್ ಸೊಸೈಟಿಯಲ್ಲಿ (ಕಾಡಿನ ಉತ್ಪನ್ನ ಕೊಳ್ಳೋ ಆದಿವಾಸಿಗಳ ಸಹಕಾರ ಸಂಘ) ಆ ಸಲ ಏನು ರೇಟು ಕೊಟ್ರು ಅಂತ ಮನೇಲಿ ಕೇಳ್ಕೊಂಡು ಬಂದು ಗುಣಾಕಾರ ಮಾಡ್ತಾರೆ. ತೂಕದಲ್ಲಿ ಮೋಸ ಆದ್ರೆ ಕೇಳೋ ಧೈರ್ಯವೂ ಇದರಲ್ಲೇ ಬರ್ಬೇಕು ಅನ್ನೋದು ನನ್ನ ಆಸೆ.

ನಕ್ಷೆ ಪಾಠವನ್ನ ನೆಲದ ಮೇಲೆ ಮಾಡ್ತೀವಿ, ಮಣ್ಣು ಕಲ್ಲು ಎಲೆ ಇಟ್ಟು ಪೋಡು, ಹಳ್ಳ, ದಾರಿ, ದೇವರ ಜಾಗ, ವೀರರ ಕಲ್ಲು, ಅಬ್ಬಿ (ನೀರಿನ ಸೆಲೆ) ಎಲ್ಲಾ ಗುರುತು ಹಾಕ್ತಾರೆ. ಸೋಲಿಗರು ಪೂಜಿಸೋ ದೊಡ್ಡ ಸಂಪಿಗೆ ಮರ ಯಾವ ದಿಕ್ಕು ಅನ್ನೋದು ಒಂದು ಮಗುಗೂ ತಪ್ಪಲ್ಲ. 2011ರಲ್ಲಿ ಈ ಬೆಟ್ಟದ ಕಾಡು ಹುಲಿ ಸಂರಕ್ಷಿತ ಪ್ರದೇಶ ಆಯ್ತು, ಅದೇ ವರ್ಷ ಇಲ್ಲಿನ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಮುದಾಯ ಹಕ್ಕೂ ಸಿಕ್ತು, ಅದನ್ನ ಸ್ವಲ್ಪ ದೊಡ್ಡ ಮಕ್ಕಳಿಗೆ ಈ ನಕ್ಷೆ ಇಟ್ಕೊಂಡೇ ಹೇಳ್ತೀನಿ.

ಕಾಡಿಗೆ ಕರ್ಕೊಂಡು ಹೋಗೋದಾದ್ರೆ ಪೋಡಿನ ಹಿರಿಯರಿಲ್ಲದೆ ಒಂದು ಹೆಜ್ಜೆನೂ ಇಡಲ್ಲ, ಆನೆ ಓಡಾಡೋ ಜಾಗ ಇದು, ಅವರು ಬೇಡ ಅಂದ ದಿನ ಬೇಡ. ಮಳೆಗಾಲದಲ್ಲಿ ಒಳಗೇ ಕೂತು ಬುಟ್ಟಿ ಹೆಣಿಗೆ. ಶಾಲೆಯ ಪಾಠ ಬಿಡಿಸಿ ಇದನ್ನ ಮಾಡ್ಬೇಡಿ ಅಂತಾನೂ ಹೇಳ್ತೀನಿ. ಅಪ್ಪ ಅಮ್ಮ ಎಸ್ಟೇಟ್ ಕೆಲಸಕ್ಕೆ ಹೋಗಿ ದುಡಿದು ಮಕ್ಕಳು ಓದ್ಲಿ ಅಂತಿದಾರೆ, ಇಂಗ್ಲಿಷ್ ಬೇಕು, ಪರೀಕ್ಷೆ ಪಾಸಾಗ್ಬೇಕು, ಅದನ್ನ ಬೇಡ ಅನ್ನೋಕೆ ನಾವು ಯಾರು.

ಖರ್ಚು ಅಂತ ಹೆಚ್ಚಿಲ್ಲ, ಕಾಗದ, ಬ್ರಶ್ಶು, ಸುಣ್ಣ, ಒಂದು ತಕ್ಕಡಿ. ಆದ್ರೆ ಯಾರಾದ್ರೂ ಇದೇ ಥರ ಶುರು ಮಾಡೋದಾದ್ರೆ ಹಿರಿಯರ ಗೌರವಧನಕ್ಕೆ ಮೊದಲೇ ದುಡ್ಡು ತೆಗೆದಿಡಿ. ಬೆಂಗಳೂರಿಂದ ಬರೋ ಚಿತ್ರ ಕಲಾವಿದರಿಗೆ ಒಂದು ದಿನಕ್ಕೆ ಎಷ್ಟು ಕೊಡ್ತೀರೋ ಹಾಡು ಹೇಳ್ಕೊಡೋ ಅಜ್ಜಿಗೂ ಅಷ್ಟೇ ಕೊಡಿ, ಸೀರೆ ಹೊದಿಸಿ ಫೋಟೋ ತೆಗೆದು ಕಳಿಸೋದು ಸಂಬಳ ಅಲ್ಲ. ಮಕ್ಕಳ ಚಿತ್ರದ ಪುಸ್ತಕಗಳು ಪೋಡಲ್ಲೇ ಇರ್ಲಿ, ಪ್ರದರ್ಶನಕ್ಕೆ ಕೇಳ್ದಾಗ ಪೋಡಿನವ್ರು ಹೂಂ ಅಂದ್ಮೇಲೆ ಕೊಡಿ, ವಾಪಸ್ ಬಂತಾ ಅಂತ ನೀವೇ ಎಣಿಸಿ ನೋಡಿ.